ಶೂನ್ಯದ ವರದಿ – ೭: ಒದ್ದೆಯಾಗದ ನೆಲ

ಸೋಪಿನ ಪುಡಿಯ ಮೂಟೆಗೆ ಹೆಬ್ಬೆರಳು ಒತ್ತಿದೆ. ಒಳಗೆ ಹೋಗಲಿಲ್ಲ. ಮುಷ್ಟಿ ಕಟ್ಟಿ ಗುದ್ದಿದೆ. ನೋವಾಗಿದ್ದು ನನ್ನ ಕೈಗೇ.

“ಮ್ಯಾನೇಜರ್ ಸಾಹೇಬ್ರೇ, ಇದನ್ನ ನೀರಿಗೆ ಹಾಕ್ತೀರೋ, ಇದರಲ್ಲಿ ಗೋಡೆ ಕಟ್ತೀರೋ?”

ಮ್ಯಾನೇಜರ್ ನಕ್ಕರು. ಅವರ ಅಂಗಿಯ ಇಸ್ತ್ರಿ ಎಷ್ಟು ಗಟ್ಟಿಯೆಂದರೆ ಅವರು ನಕ್ಕರೂ ಅಂಗಿ ಅಲುಗಲಿಲ್ಲ. ಕಾರ್ಖಾನೆಯ ಹೆಂಗಸರು ಬೆನ್ನ ಹಿಂದೆ ಅವರನ್ನು ‘ಇಸ್ತ್ರಿ’ ಎನ್ನುತ್ತಾರೆ. ಮೂರು ದಿನ ಇಲ್ಲಿ ಓಡಾಡಿ ನನ್ನ ಬಾಯಿಗೂ ಅದೇ ಬಂದುಬಿಟ್ಟಿದೆ.

“ಅದು ಹಳೇ ಸ್ಟಾಕು ಮೇಡಂ. ಥಂಡಿಗೆ ಗಟ್ಟಿಯಾಗಿದೆ. ನಾವು ಹೊಸದು ಬಳಸ್ತಿದ್ದೀವಿ.”

“ಹೊಸದೆಲ್ಲಿ?”

“ಬಳಸಿ ಮುಗೀತು.”

ಇಪ್ಪತ್ತೇಳು ವರ್ಷದ ತಪಾಸಣೆಯ ನೌಕರಿಯಲ್ಲಿ ನಾನು ಸುಳ್ಳಿಗೆ ಕೋಪಿಸಿಕೊಂಡಿದ್ದು ಕಡಿಮೆ. ಸೋಮಾರಿ ಸುಳ್ಳಿಗೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

ಬೀಗ ತಯಾರಿಸುವ ಈ ಕಾರ್ಖಾನೆ ಮೂರು ವರ್ಷದಿಂದ ನಮ್ಮ ಇಲಾಖೆಗೆ ಕಳಿಸುತ್ತಿರುವ ವಿಷ ರಾಸಾಯನಿಕಗಳ ವರದಿಯಲ್ಲಿ ಪ್ರತಿ ಕಲಮಿನ ಮುಂದೆಯೂ ಒಂದೇ ಪದ: ಶೂನ್ಯ. ಇಲ್ಲಿಯ ತೊಳೆಯುವ ವಿಭಾಗಕ್ಕೆ ಸೇರಿ ಮೂರೇ ವಾರಕ್ಕೆ ಹಾಸಿಗೆ ಹಿಡಿದ ಹೆಣ್ಣುಮಗಳೊಬ್ಬಳು ಹನ್ನೊಂದು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. ಮೈತುಂಬ ಕೆಂಪು ದದ್ದು, ಇಳಿಯದ ಜ್ವರ, ಹಳದಿಯಾದ ಕಣ್ಣು.

ಬೆಳಗ್ಗೆ ಅವಳ ಹಾಸಿಗೆಯ ಪಕ್ಕದಲ್ಲಿ ಡಾಕ್ಟರಮ್ಮ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿತ್ತು.

“ಇದು ಸೋಂಕಿನಿಂದ ಬಂದಿರಬಹುದು. ಇಲ್ಲಾ ಯಾವುದೋ ರಾಸಾಯನಿಕಕ್ಕೆ ಮೈ ತಿರುಗಿ ಬಿದ್ದಿರಬಹುದು. ರಾಸಾಯನಿಕ ಆದ್ರೆ ಸ್ಟೀರಾಯ್ಡ್ ಕೊಡ್ತೀನಿ. ಸೋಂಕಾಗಿದ್ದು ಸ್ಟೀರಾಯ್ಡ್ ಕೊಟ್ರೆ ನಾನೇ ಅವಳನ್ನ ಕೊಂದ ಹಾಗೆ. ಮೂತ್ರದ ಪರೀಕ್ಷೆ ವರದಿ ಬರೋಕೆ ಇನ್ನೂ ನಾಲ್ಕು ದಿನ ಇದೆ. ಅವಳ ಲಿವರ್ ಅಷ್ಟು ದಿನ ಕಾಯಲ್ಲ. ಇವತ್ತು ಸಂಜೆಯೊಳಗೆ ನನಗೆ ಆ ಹೆಸರು ಬೇಕು ಮೇಡಂ. ಊಹೆ ಬೇಡ, ಹೆಸರು.”

ಊಹೆ ನನ್ನಲ್ಲಿತ್ತು. ಟ್ರೈ. ಪೂರ್ತಿ ಹೆಸರು ಟ್ರೈಕ್ಲೋರೋಎಥಿಲೀನ್. ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ, ಹಾಗಾಗಿ ಕೆಲಸಗಾರರೆಲ್ಲ ಟ್ರೈ ಎಂದೇ ಕರೆಯುತ್ತಾರೆ. ಲೋಹದ ಮೇಲಿನ ಎಣ್ಣೆ ಜಿಡ್ಡನ್ನು ಕ್ಷಣದಲ್ಲಿ ಕರಗಿಸುವ, ಸಿಹಿ ವಾಸನೆಯ ದ್ರಾವಕ. ನಾಲ್ಕು ವರ್ಷದ ಹಿಂದೆ ಈ ಕಾರ್ಖಾನೆ ಅದನ್ನು ಬಳಸುತ್ತಿತ್ತು. ಆಮೇಲೆ ನಿಲ್ಲಿಸಿ, ಬಿಸಿ ಸೋಪುನೀರಿಗೆ ಬದಲಾದೆವು ಎಂದು ಬರೆದುಕೊಟ್ಟಿದ್ದಾರೆ.

ಆ ಹಳೆಯ ವರದಿಯಾದರೂ ಸಿಗಲೆಂದು ಬೆಳಗ್ಗೆ ಆಸ್ಪತ್ರೆಯಿಂದ ನೇರ ನಮ್ಮ ಕಚೇರಿಗೆ ಓಡಿದ್ದೆ. ಹಳೆಯ ಫೈಲುಗಳೆಲ್ಲ ನೆಲಮಾಳಿಗೆಯಲ್ಲಿವೆ. ಬಾಗಿಲಿಗೆ ಹೊಸ ಹಿತ್ತಾಳೆ ಬೀಗ, ಅದರ ಮೇಲೊಂದು ಪುಟ್ಟ ಮೀನಿನ ಗುರುತು.

“ಕೀಲಿ ದೊಡ್ಡ ಸಾಹೇಬ್ರ ಹತ್ರ ಇದೆ ಮೇಡಂ, ಅವರು ಇವತ್ತು ರಜೆ,” ಎಂದಳು ಕಚೇರಿ ಗುಡಿಸುವ ಅಕ್ಕ. ಮಾತಾಡುತ್ತಲೇ ಮೊಣಕೈ ಪರಪರ ಕೆರೆದುಕೊಂಡಳು. “ಯಾಕೋ ಒಂದೇ ಸಮ ನವೆ ಮೇಡಂ. ನಿದ್ದೇನೇ ಇಲ್ಲ.”

“ಬಟ್ಟೆ ಸೋಪು ಬದಲಾಯಿಸಿ ನೋಡಿ ಅಕ್ಕ,” ಎಂದು ಮೆಟ್ಟಿಲು ಹತ್ತಿದ್ದೆ. ನನಗೆ ಹೊತ್ತಾಗುತ್ತಿತ್ತು.

ಈಗ ಗೋಡೆಯ ಗಡಿಯಾರದಲ್ಲಿ ಒಂದೂವರೆ. ಕೈಯಲ್ಲಿ ಇದ್ದದ್ದು ಕಲ್ಲಾದ ಸೋಪು ಮಾತ್ರ.

“ಮ್ಯಾನೇಜರ್ರೇ, ನನ್ನೆದುರಿಗೆ ಒಂದು ಬುಟ್ಟಿ ತೊಳೆದು ತೋರಿಸಿ,” ಎಂದೆ.

ಇಸ್ತ್ರಿಗೆ ಸಂತೋಷವೇ ಆಯಿತು. ತೊಳೆಯುವ ವಿಭಾಗದಲ್ಲಿ ಎರಡು ಸ್ಟೀಲ್ ತೊಟ್ಟಿಗಳು ಥಳಥಳ ಹೊಳೆಯುತ್ತಿದ್ದವು. ನೀರಿನಿಂದ ಹಬೆ ಏಳುತ್ತಿತ್ತು, ಮೇಲೆ ನೊರೆ. ತಪಾಸಣೆಗೆಂದು ಯಾರೋ ಚೆನ್ನಾಗಿ ಅಲಂಕಾರ ಮಾಡಿದ್ದರು. ನಾನು ನೊರೆ ನೋಡಲಿಲ್ಲ, ನೆಲ ನೋಡಿದೆ.

ನೆಲ ಒಣಗಿತ್ತು. ಇವತ್ತು ಒಣಗಿದ್ದಲ್ಲ, ಎಷ್ಟೋ ಕಾಲದಿಂದ ನೀರು ಕಾಣದ ನೆಲ. ಮೂಲೆಯ ನೀರು ಹೋಗುವ ಜಾಲರಿಯಲ್ಲಿ ಜೇಡವೊಂದು ನೆಮ್ಮದಿಯಾಗಿ ಸಂಸಾರ ಹೂಡಿತ್ತು.

ಬುಟ್ಟಿ ಅಕ್ಕ ಮುಂದೆ ಬಂದಳು. ಇಲ್ಲಿಯ ಹೆಂಗಸರಲ್ಲಿ ಹಿರಿಯಳು. ಒಂದೇ ಕೈಯಲ್ಲಿ ತಂತಿಯ ಬುಟ್ಟಿ ಎತ್ತುವ ಗಟ್ಟಿಗಿತ್ತಿ ಎಂದು ಆ ಹೆಸರು. ಎಣ್ಣೆ ಮೆತ್ತಿದ ಹಿತ್ತಾಳೆ ಬೀಗದ ಹೊದಿಕೆಗಳನ್ನು ಬುಟ್ಟಿಗೆ ತುಂಬಿದಳು, ಸೋಪುನೀರಿಗೆ ಇಳಿಸಿದಳು, ಎರಡು ಸಲ ಅಲುಗಿಸಿ ಮೇಲೆತ್ತಿದಳು.

ಆಮೇಲೆ ಅವಳು ಯೋಚಿಸಲಿಲ್ಲ. ಕಾಲುಗಳು ತಾವಾಗಿಯೇ ಬಲಕ್ಕೆ ತಿರುಗಿದವು. ನಾಲ್ಕು ಹೆಜ್ಜೆ ನಡೆದು ಇಡೀ ಬುಟ್ಟಿಯನ್ನು ಪ್ಯಾಕಿಂಗಿನ ರಟ್ಟಿನ ಪೆಟ್ಟಿಗೆಗೆ ಸುರಿದಳು.

ನೀರು ಸುರಿಯಿತು. ರಟ್ಟು ಮೆತ್ತಗಾಗಿ ತಳ ಕಳಚಿ ಬಿತ್ತು. ಮೀನಿನ ಗುರುತಿನ ನೂರಾರು ಹೊದಿಕೆಗಳು ಖಣಖಣ ನೆಲಕ್ಕುರುಳಿದವು. ಒಂದು ಉರುಳಿ ಉರುಳಿ ಇಸ್ತ್ರಿಯ ಬೂಟಿಗೆ ಬಂದು ನಿಂತಿತು.

“ಅಯ್ಯೋ ಶಿವನೇ!” ಎಂದು ಬುಟ್ಟಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

“ಹೊಸಬಳು ಮೇಡಂ, ಗಾಬರಿಯಾದ್ಲು,” ಎಂದರು ಇಸ್ತ್ರಿ.

“ಎಷ್ಟು ವರ್ಷದಿಂದ ಹೊಸಬರು ಅಕ್ಕ ನೀವು?”

ಅವಳು ಮ್ಯಾನೇಜರ್ ಕಡೆ ನೋಡಿದಳು, ನೆಲ ನೋಡಿದಳು. “ಹದಿನಾಲ್ಕು,” ಎಂದಳು ಮೆಲ್ಲಗೆ.

ಒದ್ದೆ ಬಟ್ಟೆಯನ್ನು ಯಾರೂ ಮಡಚಿ ಬೀರುವಿನಲ್ಲಿಡುವುದಿಲ್ಲ. ಹಿಂಡುತ್ತಾರೆ, ಹರಡುತ್ತಾರೆ, ಕಾಯುತ್ತಾರೆ. ಮೂರು ವರ್ಷ ನೀರಿನಲ್ಲಿ ತೊಳೆದ ಕೈಗೆ ಅದು ಗೊತ್ತಿರಬೇಕು. ಇಲ್ಲಿ ಹರಡುವ ತಟ್ಟೆಯಿಲ್ಲ, ಫ್ಯಾನಿಲ್ಲ, ಒರೆಸುವ ಒಂದು ಚಿಂದಿಯೂ ಇಲ್ಲ. ಟ್ರೈಯ ಹಬೆಯಲ್ಲಿ ತೊಳೆದ ಲೋಹವಾದರೆ ಮೇಲೆತ್ತುವಷ್ಟರಲ್ಲಿ ಒಣಗಿರುತ್ತದೆ, ನೇರ ಪೆಟ್ಟಿಗೆಗೆ ಹೋಗುತ್ತದೆ. ಬುಟ್ಟಿ ಅಕ್ಕನ ಬಾಯಿ ಮುಚ್ಚಿಸಿದ್ದರು. ಅವಳ ಕಾಲಿಗೆ ಪಾಠ ಹೇಳಿಕೊಡುವುದನ್ನು ಮರೆತಿದ್ದರು.

ಇಸ್ತ್ರಿ ಆಗಲೇ ಮೂಲೆಗೆ ಸರಿದು ಯಾರಿಗೋ ಫೋನು ಮಾಡುತ್ತಿದ್ದರು. ಎರಡು ನಿಮಿಷಕ್ಕೆ ಗೇಟು ತೆರೆಯಿತು, ಖಾಲಿ ಲಾರಿಯೊಂದು ಹೊರಗೆ ಹೋಯಿತು. ಬೀಗ ತರಲೋ ಒಯ್ಯಲೋ ಇರಬೇಕೆಂದುಕೊಂಡೆ.

ನನಗೆ ಖುಷಿಯೂ ಆಗಿತ್ತು, ಸಂಕಟವೂ ಆಗಿತ್ತು. ಏನೋ ಬಳಸುತ್ತಾರೆ ಎಂದು ಗೊತ್ತಾಯಿತು. ಆದರೆ ಡಾಕ್ಟರಮ್ಮ ಕೇಳಿದ್ದು ಹೆಸರು. ಒಡೆದ ರಟ್ಟಿನ ಪೆಟ್ಟಿಗೆ ನೋಡಿ ಯಾರೂ ಸ್ಟೀರಾಯ್ಡ್ ಚುಚ್ಚುವುದಿಲ್ಲ.

ಆ ಹೆಸರು ಹೇಳಬಲ್ಲವರು ಒಬ್ಬರಿದ್ದರು. ಅವರೊಡನೆ ಮಾತಾಡುವುದನ್ನು ನಾನು ಮೂರು ದಿನದಿಂದ ಮುಂದೂಡುತ್ತ ಬಂದಿದ್ದೆ. ಯಾಕೆಂದರೆ ಅವರ ಮುಖ ನೋಡಿದರೆ ನನಗೆ ಕನಿಕರವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಸ್ಟೋರ್ ಕೋಣೆಯ ಜಾಲರಿಯ ಹಿಂದೆ ಮಾವ ಕೂತಿದ್ದರು. ಇಡೀ ಕಾರ್ಖಾನೆಗೆ ಅವರು ಮಾವ. ಆಸ್ಪತ್ರೆಯಲ್ಲಿ ಮಲಗಿದ ಹುಡುಗಿಗೆ ಮಾತ್ರ ನಿಜವಾದ ಮಾವ; ಅವಳು ಅವರ ಒಬ್ಬನೇ ಮಗನ ಹೆಂಡತಿ. ಮೇಜಿನ ಮೇಲೆ ಊಟದ ಡಬ್ಬಿ ಕಟ್ಟಿದ ಗಂಟು ಹಾಗೆಯೇ ಇತ್ತು.

“ಊಟ ಮಾಡಿಲ್ವಾ ಯಜಮಾನ್ರೇ?”

“ಸೇರಲ್ಲಮ್ಮ.”

ನಾನು ಒಂದು ಸ್ಟೂಲು ಎಳೆದುಕೊಂಡು ಎದುರಿಗೇ ಕೂತೆ.

“ಬೆಳಗ್ಗೆ ನಿಮ್ಮ ಸೊಸೇನ ನೋಡ್ಕೊಂಡು ಬಂದೆ. ಕಣ್ಣು ನಿನ್ನೆಗಿಂತ ಹಳದಿಯಾಗಿದೆ.”

ಅವರು ರಿಜಿಸ್ಟರಿನ ಅಂಚನ್ನು ಉಗುರಿನಿಂದ ಕೀಳತೊಡಗಿದರು.

“ಡಾಕ್ಟ್ರು ನಿಮ್ಮನ್ನ ಕೇಳಿದ್ರಂತೆ. ಅಲ್ಲಿ ಏನು ಬಳಸ್ತಾರೆ ಅಂತ.”

“ಕೇಳಿದ್ರು. ಸೋಪು ಅಂದೆ.”

“ನಿಜ ಹೇಳಿದ್ರಾ?”

“ಅಮ್ಮಾ, ನಾನು ಸಹಿ ಹಾಕೋ ಮನುಷ್ಯ. ರಿಜಿಸ್ಟರಲ್ಲಿ ಏನಿದೆಯೋ ಅದನ್ನೇ ಹೇಳೋನು.”

“ರಿಜಿಸ್ಟರ್ ನಾನೂ ಓದಿದೆ. ಈಗ ಬುಟ್ಟಿ ಅಕ್ಕ ಒದ್ದೆ ಮಾಲನ್ನ ರಟ್ಟಿಗೆ ಸುರಿದಳು. ರಿಜಿಸ್ಟರ್ ಆಟ ಅಲ್ಲಿಗೆ ಮುಗೀತು. ನನಗೆ ಮ್ಯಾನೇಜರನ್ನ ಹಿಡಿಯೋಕೆ ಇಡೀ ವರ್ಷ ಇದೆ ಯಜಮಾನ್ರೇ. ನಿಮ್ಮ ಸೊಸೆಗೆ ಇರೋದು ಇವತ್ತು ಒಂದು ದಿನ.”

ಮಾವ ಧಡಕ್ಕನೆ ಎದ್ದರು. ಅವರು ಕೂತಿದ್ದ ಕುರ್ಚಿ ಹಿಂದಕ್ಕೆ ಬಿತ್ತು.

“ಅದರಿಂದಲ್ಲಮ್ಮ ಇದು!” ಅಂಗಿಯ ಎರಡೂ ತೋಳು ಮಡಚಿ ಕೈಗಳನ್ನು ನನ್ನ ಮೂಗಿನ ಹತ್ತಿರ ಚಾಚಿದರು. “ನೋಡಿ. ಮೂವತ್ತೊಂದು ವರ್ಷ ಗ್ರೀಸ್ ಹತ್ತಿದ ಕೈನ ಅದರಲ್ಲೇ ತೊಳೆದು ಮನೆಗೆ ಹೋಗಿದ್ದೀನಿ. ಅಂಗಿ ಮೇಲಿನ ಕಲೆ ಅದರಲ್ಲೇ ತೆಗೆದಿದ್ದೀನಿ. ನನಗೆ ಒಂದು ದದ್ದು ಎದ್ದಿದೆಯಾ? ಒಂದು ದಿನ ಜ್ವರ ಬಂದಿದೆಯಾ? ಅದು ವಿಷ ಆಗಿದ್ರೆ ಮೊದಲು ನಾನು ಸಾಯಬೇಕಿತ್ತಲ್ವಾ?”

ಈ ಮನುಷ್ಯ ಸೊಸೆಯನ್ನು ಬಲಿಕೊಟ್ಟು ನೌಕರಿ ಉಳಿಸಿಕೊಳ್ಳುತ್ತಿದ್ದಾನೆ ಎಂದು ಮೂರು ದಿನದಿಂದ ಒಳಗೊಳಗೇ ಬೈದುಕೊಂಡಿದ್ದೆ. ತಪ್ಪು ನನ್ನದೇ. ಅವರು ತಮ್ಮ ಎರಡು ಕೈಗಳನ್ನು ನಂಬಿದ್ದರು. ಮೂವತ್ತೊಂದು ವರ್ಷ ಏನೂ ಆಗದ ಕೈಗಳಿಗಿಂತ ದೊಡ್ಡ ಸಾಕ್ಷಿ ಅವರಿಗೆ ಯಾವುದು?

“ಕೂತ್ಕೊಳ್ಳಿ,” ಎಂದೆ. “ಎಲ್ಲರ ಮೈಯೂ ಒಂದೇ ಥರ ಇರಲ್ಲ. ನೂರು ಜನಕ್ಕೆ ಈ ಕಾಯಿಲೆ ಬರದೇ ಇರಬಹುದು. ನೂರಾ ಒಂದನೆಯವರ ಮೈ ಮೂರೇ ವಾರಕ್ಕೆ ತಿರುಗಿ ಬೀಳಬಹುದು. ಮೊದಲು ದದ್ದು, ಆಮೇಲೆ ಜ್ವರ, ಆಮೇಲೆ ಲಿವರ್. ಡಾಕ್ಟರಮ್ಮ ಪುಸ್ತಕ ತೆಗೆದು ತೋರಿಸಿದ್ರು, ಅಲ್ಲಿ ನಿಮ್ಮ ಸೊಸೇನ ನೋಡಿ ಬರೆದ ಹಾಗಿತ್ತು. ನಿಮ್ಮ ಕೈ ಅವಳ ಮೈಗೆ ಸಾಕ್ಷಿ ಆಗಲ್ಲ.”

ಮಾವ ಕೂರಲಿಲ್ಲ. ಕೈಗಳನ್ನೇ ನೋಡುತ್ತ ನಿಂತರು, ಯಾರೋ ಬೇರೆಯವರ ಕೈ ತಮಗೆ ಅಂಟಿಸಿದ್ದಾರೆಂಬಂತೆ.

“ಮನೇಲಿ ಸುಮ್ನೆ ಕೂರಕ್ಕಾಗಲ್ಲ ಮಾವ, ನಾನೂ ದುಡೀತೀನಿ ಅಂದ್ಲು,” ಎಂದರು. “ಬೇರೆ ಎಲ್ಲೂ ಬೇಡ, ನಮ್ಮಲ್ಲೇ ಬಾ, ನನ್ನ ಕಣ್ಣೆದುರಿಗೇ ಇರ್ತೀಯ ಅಂದೆ. ನಾನೇ ಕರ್ಕೊಂಡು ಬಂದೆ ಅಮ್ಮ. ಮೊದಲನೇ ದಿನ ಬುಟ್ಟಿ ಹಿಡಿಯೋದು ತೋರಿಸಿಕೊಟ್ಟಿದ್ದೂ ನಾನೇ.”

ನನಗೆ ಕಣ್ಣು ತುಂಬಿ ಬಂತು. ತಪಾಸಣಾಧಿಕಾರಿಗೆ ಇದು ಶೋಭೆಯಲ್ಲ, ಬಂತು ಅಷ್ಟೆ.

“ಇನ್ನೂ ಹೊತ್ತು ಮೀರಿಲ್ಲ,” ಎಂದೆ.

“ನನಗೇನಾಗುತ್ತೆ?”

“ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ. ವಿಚಾರಣೆ ಆಗುತ್ತೆ. ಆದ್ರೆ ನಿಜ ಹೇಳಿದವರು ನೀವೇ ಅಂತ ನನ್ನ ವರದಿಯ ಮೊದಲನೇ ಸಾಲಲ್ಲೇ ಬರೀತೀನಿ.”

ಮಾವ ತಿರುಗಿ, ಕಪಾಟಿನ ಮೇಲಿನ ನಟ್ಟು ಬೋಲ್ಟಿನ ಡಬ್ಬಿಗಳ ಹಿಂದೆ ಕೈ ಹಾಕಿ, ಸುರುಳಿ ಸುತ್ತಿದ ದಪ್ಪ ತಂತಿಯೊಂದನ್ನು ಎಳೆದರು. ಅದರ ತುಂಬ ತಗಡಿನ ಬಿಲ್ಲೆಗಳು. ಡ್ರಮ್ಮಿನ ಬಾಯಿಗೆ ಕಂಪನಿಯವರು ಒತ್ತಿ ಕಳಿಸುವ ಸೀಲುಗಳು. ಇಕ್ಕಳದಲ್ಲಿ ಕಿತ್ತರೆ ಮಾತ್ರ ಡ್ರಮ್ಮು ತೆರೆಯುತ್ತದೆ. ಪ್ರತಿ ಬಿಲ್ಲೆಯ ಮೇಲೂ ಒತ್ತಿದ ಅಕ್ಷರಗಳಲ್ಲಿ ಆ ಉದ್ದನೆಯ ಹೆಸರು, ಕೆಳಗೆ ತುಂಬಿಸಿದ ತಾರೀಖು.

“ಸೇರಿದ ದಿನದಿಂದ ಹೀಗೇ. ಡ್ರಮ್ ಒಡೆದ ತಕ್ಷಣ ಸೀಲು ತಂತಿಗೆ ಪೋಣಿಸೋದು, ವರ್ಷಕ್ಕೊಂದು ಗಂಟು ಹಾಕೋದು. ಮೂರು ವರ್ಷದ ಹಿಂದೆ ಮ್ಯಾನೇಜರ್ ಬಂದು, ಇನ್ಮೇಲೆ ಟ್ರೈನ ರಿಜಿಸ್ಟರಲ್ಲಿ ಬರೀಬೇಡಿ ಅಂದ್ರು. ಬರೀಲಿಲ್ಲ.” ಅವರು ಮೂಗು ಒರೆಸಿಕೊಂಡರು. “ಎಣಿಸಬೇಡಿ ಅಂತ ಯಾರೂ ಹೇಳ್ಲಿಲ್ಲ.”

ನಾನು ಎಣಿಸಿದೆ. ಕೊನೆಯ ಮೂರು ಗಂಟುಗಳಲ್ಲಿ ನೂರ ಹದಿನೇಳು. ಇಷ್ಟು ಸೊಗಸಾದ ಶೂನ್ಯವನ್ನು ನಾನು ಈವರೆಗೆ ನೋಡಿರಲಿಲ್ಲ.

“ತೊಟ್ಟಿ ಎಲ್ಲಿದೆ?”

“ಪ್ಯಾಕಿಂಗ್ ಕೋಣೇಲಿ ಮರದ ಪೆಟ್ಟಿಗೆ ಜೋಡಿಸಿ ಗೋಡೆ ಮಾಡಿದ್ದಾರಲ್ಲ, ಅದರ ಹಿಂದೆ. ನೀವು ಬಂದಾಗೆಲ್ಲ ಪೆಟ್ಟಿಗೆ ಜೋಡಿಸ್ತಾರೆ, ಹೋದ ಮೇಲೆ ತೆಗೀತಾರೆ.”

ನಾನು ಫೋನು ತೆಗೆದು ಡಾಕ್ಟರಮ್ಮನಿಗೆ ಕರೆ ಮಾಡಿ ಮಾವನ ಕೈಗೆ ಕೊಟ್ಟೆ. “ನೀವೇ ಹೇಳಿ.”

ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಡಾಕ್ಟ್ರೇ… ನಾನು ಅವಳ ಮಾವ. ಅವತ್ತು ಸೋಪು ಅಂದಿದ್ದೆ. ಸುಳ್ಳು ಹೇಳ್ದೆ. ಅದು ಟ್ರೈ. ದಿನಾ ಎಂಟು ಗಂಟೆ ಅದರ ಹಬೆ ಮುಂದೇನೇ ನಿಂತಿರ್ತಿದ್ಲು.”

ನಾನು ಬಿಲ್ಲೆಯ ಫೋಟೋ ಕಳಿಸಿದೆ. ಆ ಕಡೆಯಿಂದ ಡಾಕ್ಟರಮ್ಮನ ದನಿ ಜಾಲರಿಯಾಚೆಗೂ ಕೇಳುವಷ್ಟು ಜೋರಾಗಿ ಬಂತು.

“ಸಾಕು! ಈಗಲೇ ಶುರು ಮಾಡ್ತೀನಿ. ರಕ್ತದಲ್ಲಿ ಸೋಂಕೇನೂ ಸಿಕ್ಕಿಲ್ಲ, ಈಗ ಹೆಸರೂ ಸಿಕ್ತು. ಇನ್ನು ನಾನು ಹೆದರಲ್ಲ ಯಜಮಾನ್ರೇ. ನಿಮ್ಮ ಸೊಸೆಗೆ ವಯಸ್ಸಿದೆ, ಗಟ್ಟಿ ಜೀವ. ಚೇತರಿಸಿಕೊಳ್ತಾಳೆ ಅಂತ ನನಗೆ ಅನ್ನಿಸ್ತಿದೆ.”

ಆ ಕಡೆ ಫೋನು ಕೈ ಬದಲಾಯಿತು. ಮಗನ ದನಿ.

“ಅಪ್ಪಾ… ಮೊದಲೇ ಯಾಕೆ ಹೇಳ್ಲಿಲ್ಲ?”

ಮಾವ ಒಂದು ಕೈಯಿಂದ ಕಣ್ಣೊರೆಸಿಕೊಂಡರು.

“ಊಟ ಮಾಡಿ ಬಾ,” ಎಂದ ಮಗ ಕೊನೆಗೆ. “ಅವಳು ಎದ್ದಾಗ ನೀನು ಇಲ್ಲಿರಬೇಕು.”

ಮಾವ ಗಂಟು ಬಿಚ್ಚಿ ಡಬ್ಬಿ ತೆರೆದರು. ನಾಲ್ಕು ತುತ್ತು ತಿಂದರು. ಅಳುತ್ತಲೇ ತಿಂದರು, ಆದರೂ ತಿಂದರು. ಮೂರು ದಿನದಲ್ಲಿ ನಾನು ಕಂಡ ಅತಿ ಒಳ್ಳೆಯ ದೃಶ್ಯ ಅದು. ಮುಂದಿನ ಇಪ್ಪತ್ತು ನಿಮಿಷದಲ್ಲಿ ಪ್ಯಾಕಿಂಗ್ ಕೋಣೆಗೆ ಹೋಗಿ ಪೆಟ್ಟಿಗೆ ಸರಿಸಿ ತೊಟ್ಟಿಗೆ ಮೊಹರು ಹಾಕಿದೆ. ಬುಟ್ಟಿ ಅಕ್ಕ ತಾನಾಗಿಯೇ ಬಂದು ಪೆಟ್ಟಿಗೆ ಎತ್ತಿಕೊಟ್ಟಳು. ಇಸ್ತ್ರಿ ಎಲ್ಲೂ ಕಾಣಲಿಲ್ಲ.

ಸ್ಟೋರಿಗೆ ಮರಳಿದಾಗ ಮಾವ ತಂತಿಯ ತುದಿಯನ್ನೇ ನೋಡುತ್ತ ಕೂತಿದ್ದರು.

“ಇನ್ನೊಂದು ವಿಷಯ ಇದೆ ಅಮ್ಮ. ಹೋದ ತಿಂಗಳು ನಿಮ್ಮ ತಪಾಸಣೆ ಪತ್ರ ಬಂದ ಮಾರನೇ ದಿನ, ಲಾರಿಯಲ್ಲಿ ಮೂವತ್ತು ಡ್ರಮ್ ಬಂತು. ಎಂಟು ಇಳಿಸಿಕೊಂಡ್ವಿ. ಮಿಕ್ಕ ಇಪ್ಪತ್ತೆರಡನ್ನ ಹಾಗೇ ಬೇರೆ ಕಡೆ ಕಳಿಸಿದ್ರು. ಅದರಲ್ಲಿ ಒಂದು ಸಣ್ಣಗೆ ಸೋರ್ತಿತ್ತು, ನಾನು ಹೇಳಿದ್ರೂ ಕೇಳ್ಲಿಲ್ಲ.”

“ಎಲ್ಲಿಗೆ ಕಳಿಸಿದ್ರು?”

“ಕೇಳ್ದೆ. ಯಾರೂ ಹುಡುಕದ ಜಾಗಕ್ಕೆ ಅಂತ ಮ್ಯಾನೇಜರ್ ನಕ್ಕರು. ಈಗ ಮಧ್ಯಾಹ್ನ ಹೊರಗೆ ಹೋಯ್ತಲ್ಲ ಖಾಲಿ ಲಾರಿ, ಅದೇ ಲಾರಿ.”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಡಾಕ್ಟರಮ್ಮ. ಮಾವ ಅರ್ಧ ಎದ್ದು ನಿಂತರು.

“ನಿಮ್ಮ ಹುಡುಗಿಗೆ ಔಷಧಿ ಹೋಗ್ತಿದೆ, ಆ ಚಿಂತೆ ಬಿಡಿ,” ಎಂದರು ಅವರು. “ಆದ್ರೆ ಈಗಷ್ಟೇ ಇನ್ನೊಬ್ಬರು ಬಂದಿದ್ದಾರೆ. ಅದೇ ದದ್ದು, ಅದೇ ಜ್ವರ. ಕಣ್ಣು ಇನ್ನೂ ಬೆಳ್ಳಗಿದೆ, ಬೇಗ ಬಂದಿದ್ದು ಒಳ್ಳೇದಾಯ್ತು. ನಾನು ಮೊದಲು ಕೇಳಿದ್ದೇ ಟ್ರೈ ಅಂತ. ನಿಮ್ಮ ಕಾರ್ಖಾನೆ ಮೆಟ್ಟಿಲೂ ಹತ್ತಿಲ್ವಂತೆ. ಯಾವುದೋ ಕಚೇರೀಲಿ ಗುಡಿಸೋ ಕೆಲಸ. ನೆಲಮಾಳಿಗೇಲಿ ಡ್ರಮ್ ಸೋರಿದ್ದನ್ನ, ಸಾಹೇಬ್ರು ಬೀಗ ತೆಗೆದಾಗೆಲ್ಲ, ಹದಿನೈದು ದಿನದಿಂದ ಕೈಯಲ್ಲೇ ಒರೆಸ್ತಿದ್ಲಂತೆ. ಸಿಹಿ ವಾಸನೆ ಅಂತಾಳೆ.”

ನಾನು ಜಾಲರಿ ಹಿಡಿದುಕೊಂಡೆ.

“ಮೇಡಂ? ಕೇಳಿಸ್ತಿದೆಯಾ? ಸೋಪು ಬದಲಾಯಿಸಿ ನೋಡಿ ಅಂತ ಬೆಳಗ್ಗೆ ಯಾರೋ ಹೇಳಿದ್ರಂತೆ.”

“ಹೇಳಿದ್ದು ನಾನು,” ಎಂದೆ.

ಹಿತ್ತಾಳೆಯ ಹೊಸ ಬೀಗ. ಮೇಲೊಂದು ಪುಟ್ಟ ಮೀನು. ಮೂರು ದಿನ ಆ ಮೀನುಗಳ ನಡುವೆಯೇ ಓಡಾಡಿದ್ದೆ. ಯಾರೂ ಹುಡುಕದ ಜಾಗ ಯಾವುದು? ಹುಡುಕುವವರ ಮನೆಯೇ.

“ನಾನೂ ಬರ್ತೀನಿ,” ಎಂದರು ಮಾವ, ತಂತಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತ. “ಆ ಡ್ರಮ್ ಗುರುತಿಸೋಕೆ ನನಗಿಂತ ಇನ್ಯಾರು ಬೇಕು?”

ಇಬ್ಬರೂ ಗೇಟಿನತ್ತ ಓಡಿದೆವು. ಜೀಪಿನ ಬಾಗಿಲು ತೆಗೆಯುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ರಜೆಯಲ್ಲಿದ್ದ ನಮ್ಮ ಕಚೇರಿಯ ದೊಡ್ಡ ಸಾಹೇಬರು.

“ಎಲ್ಲಿದ್ದೀರಮ್ಮ?” ಎಂದಿನ ತಣ್ಣನೆಯ ದನಿ.

“ಕಾರ್ಖಾನೆಯಲ್ಲೇ ಸಾರ್.”

“ಒಳ್ಳೇದು. ಸಂಜೆವರೆಗೂ ಅಲ್ಲೇ ಇರಿ. ಕಚೇರಿ ಕಡೆ ಬರೋದು ಬೇಡ.”

ಅವರ ಮಾತಿನ ಹಿಂದೆ ಯಾರೋ ಕೂಗುತ್ತಿದ್ದರು: “ಹಿಂದೆ ಬಾ, ಇನ್ನೂ ಹಿಂದೆ, ಮೆಟ್ಟಿಲ ಹತ್ರ ನಿಲ್ಸು!” ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಇಸ್ತ್ರಿಯದು.